ವಿಯೆನ್ನಾಕ್ಕೆ ಒಂದು ಪತ್ರ: ಕ್ಷಿಪಣಿ ಪ್ರಸರಣ ತಡೆಗೆ ದೇಶಗಳನ್ನು ಒಪ್ಪಿಸುವುದು ಹೇಗೆ?

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿರುವ ವಿದೇಶಾಂಗ ಸಚಿವಾಲಯಕ್ಕೆ ಒಂದು ರಾಜತಾಂತ್ರಿಕ ಪತ್ರ ಬರೆಯಬೇಕು. ಬ್ಯಾಲಿಸ್ಟಿಕ್ ಕ್ಷಿಪಣಿಗಳ (ರಾಕೆಟ್ಟಿನಂತೆ ಮೇಲೇರಿ, ಎಸೆದ ಕಲ್ಲಿನಂತೆ ಗುರಿಯ ಮೇಲೆ ಬೀಳುವಂಥವು) ಪ್ರಸರಣ, ಅಂದರೆ ಅವು ದೇಶದಿಂದ ದೇಶಕ್ಕೆ ಹರಡುವುದನ್ನು, ತಡೆಯುವ ಹೇಗ್ ನೀತಿಸಂಹಿತೆಗೆ ನಮ್ಮ ಸರ್ಕಾರ ಸೇರುತ್ತಿದೆ ಎಂಬ ಒಕ್ಕಣೆ, ಮುಂದಿನ ವ್ಯವಹಾರಕ್ಕೆ ಒಂದು ಕಚೇರಿಯ ಹೆಸರು, ಫೋನ್ ನಂಬರ್, ಇಮೇಲ್ ವಿಳಾಸ. ಒಂದು ದೇಶ ಈ ವ್ಯವಸ್ಥೆಯೊಳಗೆ ಬರಲು ಬೇಕಾದದ್ದು ಇಷ್ಟೇ. ಸದಸ್ಯತ್ವ ಶುಲ್ಕವಿಲ್ಲ. ಕಾನೂನಿನಂತೆ ಬಂಧಿಸುವ ಒಪ್ಪಂದ ಅಲ್ಲವಾದ್ದರಿಂದ ಸಂಸತ್ತು ಅನುಮೋದಿಸಲೇಬೇಕು ಎಂಬ ನಿಯಮವೂ ಇಲ್ಲ. ತಪಾಸಣೆ ತಂಡವೂ ಬರುವುದಿಲ್ಲ. 2002ರ ನವೆಂಬರ್ 25ರಂದು ನೆದರ್‌ಲೆಂಡ್ಸಿನ ಹೇಗ್ ನಗರದಲ್ಲಿ 93 ದೇಶಗಳೊಂದಿಗೆ ಇದು ಶುರುವಾಯಿತು. ಈಗ ಒಳಗಿರುವ ದೇಶಗಳ ಸಂಖ್ಯೆ 140 ದಾಟಿದೆ.

ಇಷ್ಟು ಸುಲಭವಾದರೂ ಹತ್ತಾರು ದೇಶಗಳು ಇನ್ನೂ ಹೊರಗಿವೆ. ಚೀನಾ, ಪಾಕಿಸ್ತಾನ, ಇರಾನ್, ಇಸ್ರೇಲ್, ಉತ್ತರ ಕೊರಿಯಾ, ಈಜಿಪ್ಟ್, ಸೌದಿ ಅರೇಬಿಯಾ ಹೊರಗಿರುವುದಕ್ಕೆ ಭದ್ರತೆಯ ಕಾರಣಗಳಿವೆ ಎಂದು ಊಹಿಸಬಹುದು. ಕ್ಷಿಪಣಿ ಹಾಗಿರಲಿ, ಒಂದು ಸಣ್ಣ ರಾಕೆಟ್ಟೂ ಇಲ್ಲದ ದೇಶಗಳು ಯಾಕೆ ಬರುವುದಿಲ್ಲ? ಅವನ್ನು ಒಳಗೆ ತರಲು ರಾಜತಾಂತ್ರಿಕರು ಏನು ಮಾಡುತ್ತಾರೆ? ಶಾಂತಿಯ ಬಗ್ಗೆ ಭಾಷಣ ಮಾಡಿದ್ದಕ್ಕೆ ಯಾವ ದೇಶವೂ ಸಹಿ ಹಾಕಿದ್ದು ಕಾಣೆ. ಎದುರಿನ ದೇಶದ ಭಯ ಯಾವುದು, ಅಲ್ಲಿ ಆ ಕಡತ ಯಾವ ಮೇಜಿನ ಮೇಲಿದೆ ಎಂದು ಪತ್ತೆ ಮಾಡಿದವರು ಮಾತ್ರ ಈ ಕೆಲಸದಲ್ಲಿ ಗೆದ್ದಿದ್ದಾರೆ.

ಒಪ್ಪಂದವೇ ಇಲ್ಲದ ಜಾಗ

ಅಣ್ವಸ್ತ್ರಗಳಿಗೆ 1970ರಿಂದ ಜಾರಿಯಲ್ಲಿರುವ ಪ್ರಸರಣ ತಡೆ ಒಪ್ಪಂದವಿದೆ. ಜೈವಿಕ ಅಸ್ತ್ರಗಳಿಗೂ ರಾಸಾಯನಿಕ ಅಸ್ತ್ರಗಳಿಗೂ ಬೇರೆ ಬೇರೆ ಜಾಗತಿಕ ಒಪ್ಪಂದಗಳಿವೆ. ಕ್ಷಿಪಣಿಗೆ ಮಾತ್ರ ಅಂಥದ್ದಿಲ್ಲ. ಕ್ಷಿಪಣಿ ಇಟ್ಟುಕೊಳ್ಳುವುದನ್ನು ಅಂತರರಾಷ್ಟ್ರೀಯ ಕಾನೂನು ಅಪರಾಧ ಎನ್ನುವುದಿಲ್ಲ, ಏಕೆಂದರೆ ಮಾಮೂಲಿ ಸಿಡಿತಲೆ ಹೊತ್ತ ಕ್ಷಿಪಣಿ ಎಷ್ಟೋ ಸೇನೆಗಳ ದಿನನಿತ್ಯದ ಆಯುಧ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಉಪಗ್ರಹವನ್ನು ಕಕ್ಷೆಗೆ ಒಯ್ಯುವ ರಾಕೆಟ್ಟಿಗೂ ಸಿಡಿತಲೆಯನ್ನು ಇನ್ನೊಂದು ಖಂಡಕ್ಕೆ ಎಸೆಯುವ ಕ್ಷಿಪಣಿಗೂ ಎಂಜಿನ್, ಹಂತಗಳು, ದಿಕ್ಕು ಹಿಡಿಯುವ ಜೈರೋಸ್ಕೋಪು, ಘನ ಇಂಧನ ಎಲ್ಲವೂ ಬಹುಪಾಲು ಒಂದೇ. ಭಾರತದ ಎಸ್‌ಎಲ್‌ವಿ-3 ರಾಕೆಟ್ 1980ರ ಜುಲೈನಲ್ಲಿ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. 1989ರ ಮೇ 22ರಂದು ಹಾರಿದ ಮೊದಲ ಅಗ್ನಿ ಕ್ಷಿಪಣಿಯ ಕೆಳಗಿನ ಹಂತ ಅದೇ ರಾಕೆಟ್ಟಿನಿಂದ ಬಂದದ್ದು. ಇಂಥ ನಂಟು ಇರುವಾಗ ಒಂದನ್ನು ನಿಷೇಧಿಸಿ ಇನ್ನೊಂದನ್ನು ಬಿಡುವ ಒಪ್ಪಂದದ ವಾಕ್ಯವನ್ನು ಬರೆಯುವುದೇ ಕಷ್ಟ.

ಹೀಗಾಗಿ ಜಗತ್ತು ಮೂರು ಅರೆಬರೆ ಬೇಲಿಗಳನ್ನು ಹಾಕಿಕೊಂಡಿದೆ.

ಮೊದಲನೆಯದು 1987ರ ಏಪ್ರಿಲ್‌ನಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಜಪಾನ್, ಕೆನಡಾ ಸೇರಿ ಕಟ್ಟಿದ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ವ್ಯವಸ್ಥೆ, ಅಂದರೆ ಎಂಟಿಸಿಆರ್. ಇದು ಮಾರುವವರ ಕೂಟ. 500 ಕಿಲೋ ಭಾರವನ್ನು 300 ಕಿ.ಮೀ. ದೂರಕ್ಕೆ ಒಯ್ಯಬಲ್ಲ ಯಾವುದೇ ರಾಕೆಟ್ ಅಥವಾ ಮಾನವರಹಿತ ವಿಮಾನ ಇದರ ಮೊದಲ ವರ್ಗಕ್ಕೆ ಬರುತ್ತದೆ. ಹೊಸದಾಗಿ ಅಣ್ವಸ್ತ್ರ ಮಾಡಿದ ದೇಶದ ಒರಟು ಸಿಡಿತಲೆ ಸುಮಾರು 500 ಕಿಲೋ ತೂಗುತ್ತದೆ ಎಂಬುದು ಅಂದಿನ ಅಂದಾಜು. 300 ಕಿ.ಮೀ. ಎಂಬುದು ಅಕ್ಕಪಕ್ಕದ ವೈರಿಗಳ ನಡುವಿನ ಯುದ್ಧಭೂಮಿಯ ಅಂತರ. ಭಾರ ಇಳಿಸಿದರೆ ದೂರ ಹೆಚ್ಚುತ್ತದೆ, ದೂರ ಇಳಿಸಿದರೆ ಭಾರ ಹೆಚ್ಚುತ್ತದೆ. ಆದ್ದರಿಂದ ಮಾರುವವರು ಕರಪತ್ರದಲ್ಲಿ ಬರೆದ ಅಂಕಿ ನೋಡದೆ, ಆ ರಾಕೆಟ್ ಗರಿಷ್ಠ ಎಷ್ಟು ಮಾಡಬಲ್ಲದು ಎಂದು ಲೆಕ್ಕ ಹಾಕಬೇಕು. ಮೊದಲ ವರ್ಗದ ವಸ್ತುವಿನ ರಫ್ತಿಗೆ ನಿರಾಕರಣೆಯೇ ಸಾಮಾನ್ಯ ನಿಯಮ. ಅದನ್ನು ತಯಾರಿಸುವ ಕಾರ್ಖಾನೆಯನ್ನೇ ಮಾರುವುದಂತೂ ಪೂರ್ತಿ ನಿಷಿದ್ಧ. ಎರಡನೇ ವರ್ಗದಲ್ಲಿ ಘನ ಇಂಧನಕ್ಕೆ ಬೇಕಾದ ಅಮೋನಿಯಂ ಪರ್‌ಕ್ಲೋರೇಟ್, ಅತಿ ಗಟ್ಟಿಯಾದ ಮ್ಯಾರೇಜಿಂಗ್ ಸ್ಟೀಲ್, ನಾರನ್ನು ಸುತ್ತಿ ಮೋಟಾರ್ ಕವಚ ಮಾಡುವ ಯಂತ್ರ, ಜೈರೋಸ್ಕೋಪುಗಳಂಥ ನೂರಾರು ವಸ್ತುಗಳಿವೆ. ಇವನ್ನು ಮಾರಬಹುದು, ಆದರೆ ಒಂದೊಂದು ಅರ್ಜಿಯನ್ನೂ ಪ್ರತ್ಯೇಕವಾಗಿ ನೋಡಬೇಕು. ಒಬ್ಬ ಸದಸ್ಯ ನಿರಾಕರಿಸಿದ ಮಾಲನ್ನು ಇನ್ನೊಬ್ಬ ಸದಸ್ಯ ಅದೇ ಗಿರಾಕಿಗೆ ಸದ್ದಿಲ್ಲದೆ ಕೊಡಬಾರದು ಎಂಬ ಕಟ್ಟಳೆಯೂ ಇದೆ. ಕೂಟಕ್ಕೆ ಸ್ವಂತ ಕಚೇರಿಯಿಲ್ಲ. ಪ್ಯಾರಿಸ್‌ನ ವಿದೇಶಾಂಗ ಸಚಿವಾಲಯವೇ ಅಂಚೆ ವಿಳಾಸ. ಎಲ್ಲ ತೀರ್ಮಾನವೂ ಸರ್ವಾನುಮತದಿಂದ.

ಎರಡನೆಯದು ಹೇಗ್ ನೀತಿಸಂಹಿತೆ. ಯಾರು ಬೇಕಾದರೂ ಬರಬಹುದು. ಸೇರಿದವರು ಕ್ಷಿಪಣಿ ಅಥವಾ ಉಪಗ್ರಹ ರಾಕೆಟ್ ಹಾರಿಸುವ ಮುನ್ನ ಅದರ ಸಾಮಾನ್ಯ ವರ್ಗ, ಯಾವ ದಿನಗಳ ಅವಧಿಯಲ್ಲಿ ಹಾರಿಸುತ್ತೇವೆ, ಎಲ್ಲಿಂದ, ಯಾವ ದಿಕ್ಕಿಗೆ ಎಂಬ ನಾಲ್ಕು ಸಂಗತಿ ತಿಳಿಸಬೇಕು. ವರ್ಷಕ್ಕೊಮ್ಮೆ ತಮ್ಮ ಕ್ಷಿಪಣಿ ನೀತಿ, ಬಾಹ್ಯಾಕಾಶ ನೀತಿ, ಹಿಂದಿನ ವರ್ಷ ಹಾರಿಸಿದವುಗಳ ಸಂಖ್ಯೆಯ ವರದಿ ಕೊಡಬೇಕು. ಸಮೂಹನಾಶಕ ಅಸ್ತ್ರ ಮಾಡುತ್ತಿರಬಹುದಾದ ದೇಶದ ಕ್ಷಿಪಣಿ ಯೋಜನೆಗೆ ಕೈಜೋಡಿಸಬಾರದು. ಮಾಹಿತಿಯೆಲ್ಲ ವಿಯೆನ್ನಾದ ಮೂಲಕ ಉಳಿದ ಸದಸ್ಯರಿಗೆ ತಲುಪುತ್ತದೆ.

ಮುಂಚಿತ ಮಾಹಿತಿ ಎಂಬ ಈ ಸಣ್ಣ ಕೆಲಸದ ಬೆಲೆ ಎಷ್ಟು ಎಂಬುದಕ್ಕೆ 1995ರ ಜನವರಿ 25ರ ಬೆಳಗನ್ನು ನೆನೆಯಬೇಕು. ಧ್ರುವಪ್ರಭೆಯ ಅಧ್ಯಯನಕ್ಕೆಂದು ನಾರ್ವೆಯ ಆಂಡೋಯ ದ್ವೀಪದಿಂದ ಬ್ಲ್ಯಾಕ್ ಬ್ರಾಂಟ್ ಎಂಬ ನಾಲ್ಕು ಹಂತಗಳ ಸಂಶೋಧನಾ ರಾಕೆಟ್ ಸುಮಾರು 1,400 ಕಿ.ಮೀ. ಎತ್ತರಕ್ಕೆ ಏರಿತು. ರಷ್ಯಾದ ರಾಡಾರಿನವರಿಗೆ ಅದು ಜಲಾಂತರ್ಗಾಮಿಯಿಂದ ಬಿಟ್ಟ ಅಮೆರಿಕದ ಕ್ಷಿಪಣಿಯಂತೆ ಕಂಡಿತು. ಅಧ್ಯಕ್ಷ ಬೋರಿಸ್ ಯೆಲ್ಟ್ಸಿನ್ ಅವರ ಮುಂದೆ ಅಣ್ವಸ್ತ್ರ ಆದೇಶದ ಪೆಟ್ಟಿಗೆ ತೆರೆದುಕೊಂಡಿತು. ನಾರ್ವೆ ಈ ಉಡಾವಣೆಯ ಬಗ್ಗೆ ವಾರಗಳ ಮುಂಚೆಯೇ ಪತ್ರ ಬರೆದಿತ್ತು! ಆ ಪತ್ರ ರಷ್ಯಾದ ಸರ್ಕಾರಕ್ಕೆ ತಲುಪಿತ್ತು, ರಾಡಾರ್ ಮುಂದೆ ಕುಳಿತವನಿಗೆ ತಲುಪಿರಲಿಲ್ಲ. ಸಂಹಿತೆಗೆ ಸೇರುವ ದೇಶದಿಂದ ಒಂದು ಖಚಿತ ಸಂಪರ್ಕ ವಿಳಾಸ ಕೇಳುವುದು ಯಾಕೆಂದು ಇಲ್ಲಿಂದ ಅರ್ಥವಾಗುತ್ತದೆ.

ಮೂರನೆಯದು 2004ರ ಏಪ್ರಿಲ್ 28ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 1540ನೇ ನಿರ್ಣಯ. ಸಮೂಹನಾಶಕ ಅಸ್ತ್ರಗಳೂ ಅವನ್ನು ಒಯ್ಯುವ ಸಾಧನಗಳೂ ಉಗ್ರರ ಕೈಸೇರದಂತೆ ಪ್ರತಿ ದೇಶವೂ ಕಾನೂನು ಮಾಡಬೇಕು, ಗಡಿ ಮತ್ತು ರಫ್ತಿನ ಮೇಲೆ ನಿಗಾ ಇಡಬೇಕು ಎಂದು ಇದು ಕಟ್ಟುಪಾಡು ಹಾಕುತ್ತದೆ. ಇದಕ್ಕೆ ಸೇರುವ, ಬಿಡುವ ಮಾತಿಲ್ಲ, ಎಲ್ಲರಿಗೂ ಅನ್ವಯ. ಮನವೊಲಿಸುವವರಿಗೆ ಇದು ಒಳ್ಳೆಯ ಹಿಡಿಕೆ: ‘ಹೇಗೂ ಮಾಡಲೇಬೇಕಾದ ಕೆಲಸ, ಅದರ ಜೊತೆ ಇದೂ ಆಗಿಬಿಡಲಿ’ ಎಂದು ಹೇಳಬಹುದು.

ಬಾರದವರ ಕಾರಣಗಳು

ರಾಕೆಟ್ಟೇ ಇಲ್ಲದ ದೇಶಗಳ ಮಾತು ಸರಳ: ನಮ್ಮಲ್ಲಿ ಇಲ್ಲದ್ದಕ್ಕೆ ನಾವೇಕೆ ಸಹಿ ಹಾಕಬೇಕು? ಇದರ ಹಿಂದೆ ಹಟವೇನೂ ಇರುವುದಿಲ್ಲ, ಆಳಿನ ಕೊರತೆ ಇರುತ್ತದೆ. ಸಣ್ಣ ದ್ವೀಪ ರಾಷ್ಟ್ರಗಳಲ್ಲಿ ನಿಶ್ಶಸ್ತ್ರೀಕರಣ, ಹವಾಮಾನ, ಮೀನುಗಾರಿಕೆ, ಮಾನವ ಹಕ್ಕು ಎಲ್ಲ ಕಡತಗಳೂ ಒಬ್ಬರೇ ಅಧಿಕಾರಿಯ ಮೇಜಿನ ಮೇಲಿರುವುದು ಸಾಮಾನ್ಯ. ಅವರಿಗೆ ಹೊಸ ವಾರ್ಷಿಕ ವರದಿ ಎಂದರೆ ಹೊಸ ಹೊರೆ. ಇಲ್ಲಿ ಉತ್ತರ ಕಾಗದದ ರೂಪದಲ್ಲೇ ಇರಬೇಕು. ಕ್ಷಿಪಣಿಯಿಲ್ಲದ ದೇಶದ ವರದಿಯೆಂದರೆ ‘ಇಲ್ಲ’ ಎಂದು ಹೇಳುವ ಒಂದು ಪುಟ. ಅದರ ಮಾದರಿಯನ್ನು ಮುಂದಿಟ್ಟು, ಸೇರ್ಪಡೆ ಪತ್ರದ ಕರಡನ್ನೂ ಜೊತೆಗೆ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಲಾಭವನ್ನೂ ಹೇಳಬೇಕು. ನಿಮ್ಮ ಸಮುದ್ರದ ಮೇಲಿಂದ ಬೇರೆಯವರ ರಾಕೆಟ್ ಹಾದುಹೋಗುತ್ತದೆ, ಉರಿದ ಹಂತಗಳು ನಿಮ್ಮ ಮೀನುಗಾರರಿರುವ ನೀರಿಗೆ ಬೀಳಬಹುದು. ಒಳಗಿದ್ದರೆ ಉಡಾವಣೆಯ ಮಾಹಿತಿ ನಿಮಗೂ ಬರುತ್ತದೆ.

ಎರಡನೇ ಗುಂಪು ಬಾಹ್ಯಾಕಾಶದ ಕನಸಿರುವ ದೇಶಗಳದ್ದು. ಉಪಗ್ರಹ ರಾಕೆಟ್ಟನ್ನೂ ಕ್ಷಿಪಣಿಯನ್ನೂ ಒಂದೇ ತಕ್ಕಡಿಗೆ ಹಾಕಿದ್ದಾರೆ, ನಾಳೆ ನಮ್ಮ ರಾಕೆಟ್ಟಿಗೂ ಬಿಡಿಭಾಗ ಸಿಗದಂತೆ ಮಾಡುತ್ತಾರೆ ಎಂಬುದು ಅವರ ಆತಂಕ. ಅಲ್ಕಾಂತರಾದಲ್ಲಿ ಉಡಾವಣಾ ಕೇಂದ್ರ ಹೊಂದಿರುವ ಬ್ರೆಜಿಲ್ 1995ರಿಂದ ಎಂಟಿಸಿಆರ್ ಸದಸ್ಯ, ಆದರೂ ಹೇಗ್ ಸಂಹಿತೆಗೆ ಬಂದಿಲ್ಲ. ಈ ಆತಂಕವನ್ನು ಗೊಡ್ಡು ಎಂದು ತಳ್ಳಿಹಾಕುವವರು ಭಾರತದ ಕ್ರಯೋಜೆನಿಕ್ ಎಂಜಿನ್‌ನ (ಅತಿ ತಣ್ಣಗಿನ ದ್ರವ ಇಂಧನ ಉರಿಸುವ ರಾಕೆಟ್ ಎಂಜಿನ್) ಕತೆ ಓದಿಲ್ಲ ಎಂದೇ ಹೇಳಬೇಕು. ಅದನ್ನು ಮುಂದೆ ನೋಡೋಣ.

ಮೂರನೆಯದು ಹುಟ್ಟಿನ ಪ್ರಶ್ನೆ. ಹೇಗ್ ಸಂಹಿತೆಯ ಮೊದಲ ಕರಡು ಎಂಟಿಸಿಆರ್ ಸದಸ್ಯರ ನಡುವೆ ತಯಾರಾಯಿತು. ಆಮೇಲೆ 2002ರಲ್ಲಿ ಪ್ಯಾರಿಸ್ ಮತ್ತು ಮ್ಯಾಡ್ರಿಡ್‌ನಲ್ಲಿ ಉಳಿದವರನ್ನು ಕರೆದು ಚರ್ಚಿಸಿದರು. ಇರುವವರು ಬರೆದ ನಿಯಮಕ್ಕೆ ಇಲ್ಲದವರು ತಲೆಯಾಡಿಸಬೇಕೇ ಎಂಬ ಆಕ್ಷೇಪ ಅಲ್ಲಿಂದ ಬಂದದ್ದು. ಇದಕ್ಕೆ ಉತ್ತರವಾಗಿ 2004ರಿಂದ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಸಂಹಿತೆಯನ್ನು ಬೆಂಬಲಿಸುವ ನಿರ್ಣಯ ಮಂಡಿಸಲಾಗುತ್ತಿದೆ. ಇರಾನ್ ವಿರುದ್ಧ ಮತ ಹಾಕುತ್ತದೆ, ಬಹುಪಾಲು ದೇಶಗಳು ಪರವಾಗಿ.

ಉಳಿದದ್ದು ನೆರೆಹೊರೆಯ ಜಗಳ. ಇಸ್ರೇಲ್ ಹೊರಗಿರುವವರೆಗೆ ಈಜಿಪ್ಟ್ ಬರುವುದಿಲ್ಲ, ಇರಾನ್ ಹೊರಗಿರುವವರೆಗೆ ಇಸ್ರೇಲ್‌ಗೂ ಸೌದಿಗೂ ಅವಸರವಿಲ್ಲ. ಇಂಥ ಗಂಟನ್ನು ವಿಯೆನ್ನಾದಿಂದ ಹೋಗುವ ಪತ್ರ ಬಿಡಿಸಲಾರದು. ಬಲ್ಲವರು ಅಲ್ಲಿ ಶಕ್ತಿ ವ್ಯಯಿಸದೆ, ಆಗಬಹುದಾದ ಕಡೆ ಕೆಲಸ ಮಾಡುತ್ತಾರೆ.

ಕೆಲಸ ನಡೆಯುವ ಬಗೆ

ಮೊದಲು ಪಟ್ಟಿ ಮಾಡಬೇಕು. ಸಾಮಾನ್ಯ ಸಭೆಯ ನಿರ್ಣಯಕ್ಕೆ ಪರವಾಗಿ ಮತ ಹಾಕಿಯೂ ಸಂಹಿತೆಗೆ ಸೇರದ ದೇಶಗಳು ಯಾವುವು? ಅವೇ ಮೊದಲ ಗುರಿ, ಏಕೆಂದರೆ ತತ್ವದಲ್ಲಿ ಅವರು ಈಗಾಗಲೇ ಒಪ್ಪಿದ್ದಾರೆ. ಆ ದೇಶ 1967ರ ಬಾಹ್ಯಾಕಾಶ ಒಪ್ಪಂದದಲ್ಲಿದೆಯೇ, 1540ರ ಸಮಿತಿಗೆ ವರದಿ ಕೊಟ್ಟಿದೆಯೇ ಎಂದೂ ನೋಡಬೇಕು. ಆಮೇಲೆ ಕಡತ ಯಾರ ಕೈಯಲ್ಲಿದೆ ಎಂಬ ಹುಡುಕಾಟ. ಕೆಲವು ಕಡೆ ವಿದೇಶಾಂಗ ಸಚಿವಾಲಯದ ನಿಶ್ಶಸ್ತ್ರೀಕರಣ ವಿಭಾಗ, ಕೆಲವು ಕಡೆ ರಕ್ಷಣಾ ಇಲಾಖೆ, ಇನ್ನು ಕೆಲವು ಕಡೆ ಬಾಹ್ಯಾಕಾಶ ಸಂಸ್ಥೆ. ವಿದೇಶಾಂಗದವರು ಹೂಂ ಎಂದರೂ ಸೇನೆಯವರ ಟಿಪ್ಪಣಿ ಬಾರದೆ ಕಡತ ವರ್ಷಗಟ್ಟಲೆ ನಿಲ್ಲುತ್ತದೆ. ಇಲ್ಲಿ ಎಡವುವವರೇ ಹೆಚ್ಚು.

ಮನವಿ ಯಾರ ಬಾಯಿಂದ ಬರಬೇಕು ಎಂಬುದೂ ಮುಖ್ಯ. ಸಂಹಿತೆಯ ಅಧ್ಯಕ್ಷ ಸ್ಥಾನ ಪ್ರತಿ ವರ್ಷ ಬದಲಾಗುತ್ತದೆ. 2016ರಲ್ಲಿ ಕಜಾಕಸ್ತಾನ, ಅದರ ಮುಂದಿನ ವರ್ಷ ಪೋಲೆಂಡ್, 2020ರಲ್ಲಿ ಸ್ವಿಟ್ಜರ್ಲೆಂಡ್ ಆ ಸ್ಥಾನ ಹೊತ್ತವು. ಅಣ್ವಸ್ತ್ರ ರಾಷ್ಟ್ರ ಬಂದು ಸೇರಿ ಎಂದರೆ ಅನುಮಾನ ಹುಟ್ಟುತ್ತದೆ. ಪಕ್ಕದ ದೇಶ ಬಂದು ‘ನಾವು ಸೇರಿದೆವು, ತೊಂದರೆಯೇನೂ ಆಗಲಿಲ್ಲ’ ಎಂದರೆ ಕಿವಿಗೆ ಹೋಗುತ್ತದೆ. ಯುರೋಪಿಯನ್ ಒಕ್ಕೂಟ 2008ರಿಂದ ಈ ಪ್ರಚಾರಕ್ಕೆ ಹಣ ಕೊಡುತ್ತಿದ್ದು, ಪ್ಯಾರಿಸ್‌ನ ಫೌಂಡೇಶನ್ ಫಾರ್ ಸ್ಟ್ರಾಟೆಜಿಕ್ ರಿಸರ್ಚ್ ಸಂಸ್ಥೆ ವಿಚಾರ ಸಂಕಿರಣಗಳನ್ನು ನಡೆಸುತ್ತಿದೆ. ನ್ಯೂಯಾರ್ಕ್‌ನಲ್ಲಿ ಅಕ್ಟೋಬರ್ ತಿಂಗಳಲ್ಲಿ ನಿಶ್ಶಸ್ತ್ರೀಕರಣ ಸಮಿತಿ ಸೇರುವಾಗ ಬದಿಯಲ್ಲಿ ನಡೆಯುವ ಒಂದು ಗಂಟೆಯ ಸಭೆಯಿಂದ ಸಿಗುವಷ್ಟು ಪರಿಚಯ ರಾಜಧಾನಿಗಳ ಸುತ್ತಾಟದಿಂದ ಸಿಗುವುದಿಲ್ಲ, ಸಣ್ಣ ದೇಶಗಳ ಮಟ್ಟಿಗಂತೂ ಹೌದು. ಆದರೆ ನ್ಯೂಯಾರ್ಕ್‌ನಲ್ಲಿ ಒಪ್ಪಿದ ಅಧಿಕಾರಿಯ ಮಾತು ಅವರ ರಾಜಧಾನಿಗೆ ತಲುಪಿತೇ ಎಂದು ಹಿಂದೆ ಬಿದ್ದು ವಿಚಾರಿಸದಿದ್ದರೆ ಎಲ್ಲವೂ ನೀರಿನಲ್ಲಿ ಹೋಮ.

ಹೇಳುವವರು ತಾವೇ ಪಾಲಿಸದಿದ್ದರೆ ಯಾವ ಸಂಕಿರಣವೂ ಉಪಯೋಗಕ್ಕೆ ಬಾರದು. ಅಮೆರಿಕ ಸ್ಥಾಪಕ ಸದಸ್ಯನಾಗಿದ್ದರೂ ವರ್ಷಗಳ ಕಾಲ ಉಡಾವಣೆಗಳ ಮುಂಚಿತ ಮಾಹಿತಿಯನ್ನು ಸಂಹಿತೆಗೆ ಕೊಡಲಿಲ್ಲ. ಅದನ್ನೇ ಕಾರಣ ಮಾಡಿ ರಷ್ಯಾ 2008ರಲ್ಲಿ ತನ್ನ ಮಾಹಿತಿಯನ್ನು ನಿಲ್ಲಿಸಿತು. 2010ರಲ್ಲಿ ಅಮೆರಿಕ ಕೊಡುವುದಾಗಿ ಘೋಷಿಸಿದ ಮೇಲಷ್ಟೇ ಹೊಸಬರನ್ನು ಕರೆಯುವವರಿಗೆ ಮುಖ ಎತ್ತಿ ಮಾತಾಡುವಂತಾಯಿತು.

ಎಂಟಿಸಿಆರ್ ವಿಷಯದಲ್ಲಿ ಲೆಕ್ಕವೇ ಬೇರೆ. ಅದು ಬಾಗಿಲು ಹಾಕಿದ ಕೂಟ. 35 ಸದಸ್ಯರಲ್ಲಿ ಒಬ್ಬರು ಬೇಡವೆಂದರೂ ಪ್ರವೇಶವಿಲ್ಲ. ಆದ್ದರಿಂದ ಅದರ ಅಧ್ಯಕ್ಷರೂ ತಜ್ಞರೂ ಹೊರಗಿನ ದೇಶಗಳಿಗೆ ಹೋದಾಗ ‘ಸೇರಿ’ ಎಂದು ಕೇಳುವುದಿಲ್ಲ. ‘ನಮ್ಮ ಪಟ್ಟಿಯನ್ನು ನಿಮ್ಮ ಕಾನೂನಿಗೆ ಇಳಿಸಿಕೊಳ್ಳಿ’ ಎನ್ನುತ್ತಾರೆ. ಪಟ್ಟಿ ಆಗಾಗ ಬದಲಾಗುವುದರಿಂದ ಯಾವ ವಸ್ತು ಹೊಸದಾಗಿ ಬಂತು, ಯಾಕೆ ಬಂತು ಎಂದು ವಿವರಿಸುವ ತಾಂತ್ರಿಕ ಸಭೆಗಳು ನಡೆಯುತ್ತವೆ. ಕಜಾಕಸ್ತಾನ, ಎಸ್ಟೋನಿಯಾ, ಲಾಟ್ವಿಯಾ ಸದಸ್ಯತ್ವವಿಲ್ಲದೆಯೇ ನಿಯಮ ಪಾಲಿಸುವುದಾಗಿ ಔಪಚಾರಿಕವಾಗಿ ಘೋಷಿಸಿದವು. ಸುಂಕದ ಕಟ್ಟೆಯಲ್ಲಿ ಕುಳಿತವರಿಗೆ ಇಂಥ ತರಬೇತಿ ಬಹಳ ಬೇಕು. ಸುಂಕದ ಸಂಕೇತ ಸಂಖ್ಯೆ ಒಂದು ಬಗೆ, ಎಂಟಿಸಿಆರ್ ಪಟ್ಟಿಯ ಕ್ರಮ ಇನ್ನೊಂದು ಬಗೆ. ಒಂದೇ ಸಂಕೇತದಡಿ ಸೈಕಲ್ ಚೌಕಟ್ಟಿಗೆ ಹೋಗುವ ಕಾರ್ಬನ್ ನಾರೂ ಇರಬಹುದು, ರಾಕೆಟ್ ಮೋಟಾರಿಗೆ ಹೋಗುವ ನಾರೂ ಇರಬಹುದು. ಕಾಗದ ನೋಡಿ ಹಿಡಿಯಲಾಗದು. ಖರೀದಿಸುವವನು ಯಾರು, ಅವನ ಕಾರ್ಖಾನೆಯಲ್ಲಿ ಈ ಮಾಲಿಗೆ ನಿಜವಾಗಿ ಏನು ಕೆಲಸ ಎಂದು ಕೇಳಲು ಕಲಿಯಬೇಕು.

ಕೊಡು-ಕೊಳ್ಳುವ ಮಾತು

ಕ್ಷಿಪಣಿ ಯೋಜನೆಯನ್ನೇ ಕೈಬಿಡಿ ಎಂದು ಕೇಳುವಾಗ ಮಾದರಿ ಪತ್ರ ಸಾಲದು, ಬದಲಿಗೆ ಏನಾದರೂ ಕೊಡಬೇಕು. ಅರ್ಜೆಂಟೀನಾದ ಕಾಂಡೋರ್-2 ಇದಕ್ಕೆ ಒಳ್ಳೆಯ ಉದಾಹರಣೆ. ಈಜಿಪ್ಟ್ ಮತ್ತು ಇರಾಕ್ ಜೊತೆಗೂಡಿ, ಸುಮಾರು 1,000 ಕಿ.ಮೀ. ವ್ಯಾಪ್ತಿಯ ಗುರಿಯಿಟ್ಟು, ಕಾರ್ಡೋಬ ಪ್ರಾಂತ್ಯದ ಫಾಲ್ಡಾ ಡೆಲ್ ಕಾರ್ಮೆನ್‌ನಲ್ಲಿ ಅದು ಬೆಳೆಯುತ್ತಿತ್ತು. ಅಧ್ಯಕ್ಷ ಕಾರ್ಲೋಸ್ ಮೆನೆಮ್ ಅವರ ಸರ್ಕಾರ 1991ರಲ್ಲಿ ಅದನ್ನು ರದ್ದು ಮಾಡಿತು. ಅದೇ ವರ್ಷ ಕೊನಾಯೆ ಎಂಬ ನಾಗರಿಕ ಬಾಹ್ಯಾಕಾಶ ಸಂಸ್ಥೆ ಹುಟ್ಟಿತು. 1993ರಲ್ಲಿ ಎಂಟಿಸಿಆರ್ ಸದಸ್ಯತ್ವ ಸಿಕ್ಕಿತು. 2000ದ ನವೆಂಬರ್‌ನಲ್ಲಿ ಅರ್ಜೆಂಟೀನಾದ ಎಸ್‌ಎಸಿ-ಸಿ ಉಪಗ್ರಹ ಅಮೆರಿಕದ ಡೆಲ್ಟಾ ರಾಕೆಟ್ಟಿನಲ್ಲಿ ಕಕ್ಷೆಗೇರಿತು. ಎಂಜಿನಿಯರುಗಳಿಗೆ ಕೆಲಸ ಉಳಿಯಿತು, ದೇಶಕ್ಕೆ ಮರ್ಯಾದೆ ಉಳಿಯಿತು.

ಬಲ್ಗೇರಿಯಾ ತನ್ನ ಎಸ್‌ಎಸ್-23 ಕ್ಷಿಪಣಿಗಳನ್ನು 2002ರಲ್ಲಿ ಅಮೆರಿಕದ ಹಣದಿಂದ ನಾಶಮಾಡಿತು, ಎರಡು ವರ್ಷದಲ್ಲಿ ಕೂಟದೊಳಗೆ ಬಂತು. ಉಕ್ರೇನ್ ತೆತ್ತ ಬೆಲೆ ಹೆಚ್ಚು. ಇರಾನಿನ ಬುಶೆಹ್ರ್ ಅಣುವಿದ್ಯುತ್ ಸ್ಥಾವರಕ್ಕೆ ಟರ್ಬೈನ್ ಕೊಡಬೇಕಿದ್ದ ಖಾರ್ಕಿವ್‌ನ ಟರ್ಬೋಆಟಮ್ ಕಾರ್ಖಾನೆ 1998ರಲ್ಲಿ ಆ ಕೆಲಸ ಕಳೆದುಕೊಂಡಿತು. ಬದಲಿಗೆ ಅಮೆರಿಕದ ಜೊತೆ ನಾಗರಿಕ ಅಣುಸಹಕಾರದ ಒಪ್ಪಂದವೂ ಎಂಟಿಸಿಆರ್ ಪ್ರವೇಶವೂ ಸಿಕ್ಕವು. ರಾಜಧಾನಿಯಲ್ಲಿ ಆಗುವ ಒಪ್ಪಂದದ ನಷ್ಟ ಇನ್ನೊಂದು ಊರಿನ ಕಾರ್ಮಿಕರ ಮೇಲೆ ಬೀಳುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕದೆ ಮಾತುಕತೆಗೆ ಕೂರುವುದು ಅನ್ಯಾಯ.

ಭಾರತ ಬಂದ ದಾರಿ

ನಮ್ಮ ಕತೆ ಬೆಂಗಳೂರಿನಿಂದಲೇ ಶುರುವಾಗುತ್ತದೆ. ಉಡುಪಿ ಸಮೀಪದ ಅದಮಾರಿನವರಾದ ಯು.ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದ ಕಾಲ. 1991ರ ಜನವರಿಯಲ್ಲಿ ಸೋವಿಯತ್ ಒಕ್ಕೂಟದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯೊಂದಿಗೆ ಕ್ರಯೋಜೆನಿಕ್ ಎಂಜಿನ್ ಮತ್ತು ಅದರ ತಂತ್ರಜ್ಞಾನ ಕೊಳ್ಳುವ ಒಪ್ಪಂದವಾಯಿತು. ಇದು ಎಂಟಿಸಿಆರ್ ನಿಯಮಕ್ಕೆ ವಿರುದ್ಧ ಎಂದು ಅಮೆರಿಕ 1992ರ ಮೇ ತಿಂಗಳಲ್ಲಿ ಎರಡೂ ಸಂಸ್ಥೆಗಳ ಮೇಲೆ ಎರಡು ವರ್ಷದ ನಿರ್ಬಂಧ ಹೇರಿತು. ಈ ಎಂಜಿನ್ನಿನ ಇಂಧನವಾದ ದ್ರವ ಜಲಜನಕವನ್ನು ಮೈನಸ್ 253 ಡಿಗ್ರಿಯಲ್ಲಿ ಇಡಬೇಕು. ತುಂಬಿಸಿ ತಿಂಗಳುಗಟ್ಟಲೆ ಸಜ್ಜಾಗಿ ನಿಲ್ಲಿಸುವ ಕ್ಷಿಪಣಿಗೆ ಅದು ಹೊಂದುವುದೇ ಇಲ್ಲ. ಆದರೆ ನಿಯಮದ ಅಕ್ಷರಕ್ಕೆ ರಾಕೆಟ್ ಹಂತ ಎಂದರೆ ರಾಕೆಟ್ ಹಂತ. 1993ರ ಜುಲೈನಲ್ಲಿ ರಷ್ಯಾ ತಂತ್ರಜ್ಞಾನ ಕೊಡುವುದನ್ನು ಬಿಟ್ಟು, 7 ತಯಾರಾದ ಹಂತಗಳನ್ನು ಮಾತ್ರ ಮಾರಲು ಒಪ್ಪಿತು. 2001ರ ಏಪ್ರಿಲ್‌ನಲ್ಲಿ ಇಸ್ರೋದ ಮೊದಲ ಜಿಎಸ್‌ಎಲ್‌ವಿ ಉಪಗ್ರಹ ರಾಕೆಟ್ ಹಾರಿದ್ದು ಆ ರಷ್ಯನ್ ಹಂತದ ಮೇಲೆ. ಸ್ವಂತ ಕ್ರಯೋಜೆನಿಕ್ ಹಂತದೊಂದಿಗೆ ಗೆದ್ದದ್ದು 2014ರ ಜನವರಿ 5ರಂದು. ಎಚ್‌ಎಎಲ್ ಬೆಂಗಳೂರಿನಲ್ಲಿ ಇಂಥ ಎಂಜಿನ್‌ಗಳ ತಯಾರಿಕಾ ಘಟಕ ತೆರೆದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಿರ್ಬಂಧ ನಮ್ಮನ್ನು ತಡಮಾಡಿತು, ತಡೆಯಲಿಲ್ಲ. ಆದರೆ ಆ ವ್ಯವಸ್ಥೆಯ ಮೇಲಿನ ಅಪನಂಬಿಕೆ ಒಂದು ತಲೆಮಾರಿನಷ್ಟು ಉಳಿಯಿತು. ಕರೆಯುವವರು ಮೊದಲು ಹೊಡೆದಿದ್ದರೆ ಕರೆ ಎಷ್ಟು ಮೆಲ್ಲನೆ ಕೇಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ತಿರುವು ಹಂತ ಹಂತವಾಗಿ ಬಂತು. 2005ರಲ್ಲಿ ಸಮೂಹನಾಶಕ ಅಸ್ತ್ರಗಳ ಕಾಯ್ದೆ ಬಂತು. ಅದೇ ವರ್ಷ ಜುಲೈ 18ರ ಭಾರತ-ಅಮೆರಿಕ ಜಂಟಿ ಹೇಳಿಕೆಯಲ್ಲಿ, ಸದಸ್ಯತ್ವವಿಲ್ಲದಿದ್ದರೂ ಎಂಟಿಸಿಆರ್ ಮಾರ್ಗಸೂಚಿಗಳನ್ನು ಪಾಲಿಸುವುದಾಗಿ ಭಾರತ ಹೇಳಿತು. 2010ರ ನವೆಂಬರ್‌ನಲ್ಲಿ ಭಾರತದ ಪ್ರವೇಶಕ್ಕೆ ಅಮೆರಿಕ ಬೆಂಬಲ ಘೋಷಿಸಿತು. 2015ರಲ್ಲಿ ಅರ್ಜಿ ಹಾಕಿದಾಗ ಅಡ್ಡಿ ಬಂದದ್ದು ಕ್ಷಿಪಣಿಗೆ ಸಂಬಂಧವೇ ಇಲ್ಲದ ಕಡೆಯಿಂದ. ಕೇರಳದ ಕರಾವಳಿಯಲ್ಲಿ ಇಬ್ಬರು ಮೀನುಗಾರರ ಸಾವಿಗೆ ಕಾರಣರಾದ ಆರೋಪದ ಮೇಲೆ ಇಟಲಿಯ ನಾವಿಕ ಯೋಧರನ್ನು ಭಾರತ ಇರಿಸಿಕೊಂಡಿತ್ತು. ಆ ವರ್ಷ ರಾಟರ್‌ಡ್ಯಾಮ್ ಸಭೆಯಲ್ಲಿ ಇಟಲಿ ಒಪ್ಪಲಿಲ್ಲ. ಸರ್ವಾನುಮತ ಎಂಬ ನಿಯಮ ಹೀಗೂ ಕೆಲಸ ಮಾಡುತ್ತದೆ. ಉಳಿದಿದ್ದ ಯೋಧ 2016ರ ಮೇ ತಿಂಗಳಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ದಾರಿ ತೆರೆಯಿತು. ಜೂನ್ 1ರಂದು ಭಾರತ 138ನೇ ದೇಶವಾಗಿ ಹೇಗ್ ಸಂಹಿತೆಗೆ ಸೇರಿತು. ಜೂನ್ 27ರಂದು, ಆಗ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಎಸ್. ಜೈಶಂಕರ್ ಅವರ ಸಹಿಯೊಂದಿಗೆ, ಎಂಟಿಸಿಆರ್‌ನ 35ನೇ ಸದಸ್ಯವಾಯಿತು. ಸುಲಭದ ಬಾಗಿಲನ್ನು ಮೊದಲು ದಾಟಿ, ಕಷ್ಟದ ಬಾಗಿಲಿಗೆ ಅದನ್ನೇ ಸಾಕ್ಷಿಯಾಗಿ ತೋರಿಸುವ ಕ್ರಮ ಬೇರೆ ದೇಶಗಳಿಗೂ ಹೊಂದುತ್ತದೆ.

ಸಿಕ್ಕಿದ್ದು ಏನು? ರಷ್ಯಾ ಎಂಟಿಸಿಆರ್ ಸದಸ್ಯನಾದ್ದರಿಂದ ಎರಡೂ ದೇಶಗಳು ಸೇರಿ ಮಾಡಿದ ಬ್ರಹ್ಮೋಸ್ ಎಂಬ ಕ್ರೂಸ್ ಕ್ಷಿಪಣಿಯ (ವಿಮಾನದಂತೆ ಗಾಳಿಯಲ್ಲೇ ಹಾರಿಕೊಂಡು ಹೋಗುವಂಥದ್ದು) ವ್ಯಾಪ್ತಿಯನ್ನು 290 ಕಿ.ಮೀ.ಗೆ ಕಟ್ಟಿಹಾಕಲಾಗಿತ್ತು. 2017ರ ಮಾರ್ಚ್‌ನಲ್ಲಿ ಹೆಚ್ಚಿನ ವ್ಯಾಪ್ತಿಯ ಬ್ರಹ್ಮೋಸ್ ಪರೀಕ್ಷೆ ನಡೆಯಿತು. 2022ರ ಜನವರಿಯಲ್ಲಿ ಫಿಲಿಪ್ಪೀನ್ಸ್ ಸುಮಾರು 37.5 ಕೋಟಿ ಡಾಲರ್‌ಗೆ ಬ್ರಹ್ಮೋಸ್ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 2024ರ ಏಪ್ರಿಲ್‌ನಲ್ಲಿ ಮೊದಲ ಕಂತು ತಲುಪಿತು. ಹೊಣೆಯೂ ಬಂತು. ಸ್ಕೋಮೆಟ್ ಎಂಬ ನಮ್ಮ ನಿಯಂತ್ರಿತ ರಫ್ತು ಪಟ್ಟಿಯನ್ನು 2017ರಲ್ಲಿ ಅಂತರರಾಷ್ಟ್ರೀಯ ಪಟ್ಟಿಗಳಿಗೆ ಹೊಂದಿಸಲಾಯಿತು. ಅದರ 5ನೇ ವರ್ಗ ಬಾಹ್ಯಾಕಾಶ ಮತ್ತು ವಿಮಾನ ಸಾಮಗ್ರಿಗಳದ್ದು. ಪೀಣ್ಯದ ಸಣ್ಣ ಕಾರ್ಖಾನೆಯೊಂದು ರಾಕೆಟ್ ಬಿಡಿಭಾಗವನ್ನು ಹೊರದೇಶಕ್ಕೆ ಕಳಿಸುವುದಾದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ, ಕೊಳ್ಳುವವರಿಂದ ಅಂತಿಮ ಬಳಕೆಯ ಪ್ರಮಾಣಪತ್ರ ಎರಡೂ ಬೇಕು. ನಕ್ಷೆಯನ್ನು ಇಮೇಲ್‌ನಲ್ಲಿ ಕಳಿಸಿದರೂ ಅದು ರಫ್ತೇ. ಬಹಳ ಮಂದಿ ತಪ್ಪುವುದು ಇಲ್ಲೇ, ಪೆಟ್ಟಿಗೆ ಹಡಗು ಹತ್ತಿದರೆ ಮಾತ್ರ ರಫ್ತು ಎಂದುಕೊಂಡಿರುತ್ತಾರೆ.

ಚೀನಾದ ಮಟ್ಟಿಗೆ ಮಾತುಕತೆ ಅರ್ಧಕ್ಕೆ ನಿಂತಿದೆ. ಅದು 2002ರ ಆಗಸ್ಟ್‌ನಲ್ಲಿ ತನ್ನದೇ ಕ್ಷಿಪಣಿ ರಫ್ತು ನಿಯಮಗಳನ್ನು ಪ್ರಕಟಿಸಿ, 2004ರಲ್ಲಿ ಎಂಟಿಸಿಆರ್‌ಗೆ ಅರ್ಜಿ ಹಾಕಿತು. ಅಲ್ಲಿನ ಕಂಪನಿಗಳ ರಫ್ತಿನ ಬಗ್ಗೆ ಅನುಮಾನವಿದ್ದ ಸದಸ್ಯರು ಒಪ್ಪಲಿಲ್ಲ.

ಸಂಹಿತೆಗೆ ಬಾರದ ನೆರೆಯವನೊಂದಿಗೆ ನೇರ ಒಪ್ಪಂದವಾದರೂ ಮಾಡಿಕೊಳ್ಳಬಹುದು. ಭಾರತ ಮತ್ತು ಪಾಕಿಸ್ತಾನ 2005ರ ಅಕ್ಟೋಬರ್ 3ರಂದು ಇಸ್ಲಾಮಾಬಾದಿನಲ್ಲಿ ಅದನ್ನೇ ಮಾಡಿದವು. ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷೆಗೆ ಕನಿಷ್ಠ 3 ದಿನ ಮುಂಚೆ ತಿಳಿಸಬೇಕು, ಉಡಾವಣೆಯ ಜಾಗ ಗಡಿಯಿಂದ 40 ಕಿ.ಮೀ. ಒಳಗಿರಬಾರದು. ಸಂಬಂಧ ಕೆಟ್ಟ ವರ್ಷಗಳಲ್ಲೂ ಇದು ಉಳಿದು ಬಂದಿದೆ. ಆದರೆ ಕ್ರೂಸ್ ಕ್ಷಿಪಣಿ ಅದರಲ್ಲಿಲ್ಲ, ಹೇಗ್ ಸಂಹಿತೆಯಲ್ಲೂ ಇಲ್ಲ. 2022ರ ಮಾರ್ಚ್ 9ರಂದು ಭಾರತದ ಒಂದು ಕ್ಷಿಪಣಿ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿದ್ದಾಗ ಆ ಖಾಲಿ ಜಾಗ ಎದ್ದು ಕಂಡಿತು. ಡ್ರೋನ್ ಮತ್ತು ಕ್ರೂಸ್ ಕ್ಷಿಪಣಿಗಳನ್ನೂ ಸಂಹಿತೆಗೆ ಸೇರಿಸಿ ಎಂಬ ಬೇಡಿಕೆ ನ್ಯಾಯವಾದದ್ದು. ಆದರೆ ಪಠ್ಯ ತೆರೆದರೆ ಈಗಿರುವ ಸಹಮತವೂ ಕದಡೀತು ಎಂಬ ಭಯ ಸದಸ್ಯರಿಗಿದೆ, ಅದೂ ಸುಳ್ಳಲ್ಲ.

ಇನ್ನು ಸೇರಿದ ಮೇಲಿನ ಮಾತು. ಮೊದಲ ವರ್ಷ ಎಲ್ಲರೂ ಉತ್ಸಾಹದಿಂದ ವರದಿ ಕೊಡುತ್ತಾರೆ. ಎರಡನೇ ವರ್ಷ ಆ ಅಧಿಕಾರಿಗೆ ವರ್ಗವಾಗುತ್ತದೆ, ಹೊಸಬರಿಗೆ ಕಡತದ ಸುಳಿವಿಲ್ಲ, ಹಳೆಯ ಇಮೇಲ್ ವಿಳಾಸಕ್ಕೆ ಹೋದ ಜ್ಞಾಪನ ಪತ್ರ ತೆರೆಯುವವರಿಲ್ಲ. ಆದ್ದರಿಂದ ಅನುಭವಿಗಳು ಸಂಪರ್ಕಕ್ಕೆ ವ್ಯಕ್ತಿಯ ಹೆಸರಿನ ವಿಳಾಸ ಒಪ್ಪುವುದಿಲ್ಲ, ಹುದ್ದೆಯ ಹೆಸರಿನ ವಿಳಾಸವನ್ನೇ ಕೇಳುತ್ತಾರೆ. ಜೊತೆಗೆ ಆ ದೇಶದ ವಿಯೆನ್ನಾ ಅಥವಾ ನ್ಯೂಯಾರ್ಕ್ ಕಚೇರಿಯ ಇನ್ನೊಂದು ವಿಳಾಸ. ವರ್ಷಕ್ಕೊಮ್ಮೆ ಫೋನ್ ಮಾಡಿ ನಂಬರ್ ಇನ್ನೂ ಸರಿಯಿದೆಯೇ, ಉಡಾವಣೆಯ ಸೂಚನೆ ಬಂದರೆ ರಾತ್ರಿ ಎತ್ತಿಕೊಳ್ಳುವವರು ಯಾರು, ಅವರು ಅದನ್ನು ಮುಂದೆ ಯಾರಿಗೆ ದಾಟಿಸುತ್ತಾರೆ ಎಂದು ವಿಚಾರಿಸುತ್ತಾರೆ.